ಸಂಪಾದಕರ ಉತ್ತರ: ಆ ಗೆರೆ ಎಳೆಯುವವರು ಯಾರು?

ಪ್ರಿಯ ಓದುಗರೇ,

ಅಮೆರಿಕದ ಕಾಲೇಜುಗಳಲ್ಲಿ ಮಾತಿಗೆ ಶಿಕ್ಷೆ ಕೊಡುವ ನಿಯಮಗಳು ಬೇಡ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ನಿಮಗೆ ಸಿಟ್ಟು ಬಂದಿದೆ. ಅಲ್ಲಿ ಓದುತ್ತಿರುವ ನಿಮ್ಮ ಮಗಳ ಗೆಳತಿ, ಕಪ್ಪು ಹುಡುಗಿ, ತುಂಬಿದ ತರಗತಿಯಲ್ಲೇ ಬೈಗುಳ ಕೇಳಿಸಿಕೊಂಡಳು ಎಂದು ಬರೆದು, "ಅವಳಿಗೆ ನಿಮ್ಮ ವಾಕ್‌ಸ್ವಾತಂತ್ರ್ಯ ಏನು ಕೊಡುತ್ತದೆ?" ಎಂದು ಕೇಳಿದ್ದೀರಿ. ಇದಕ್ಕೆ ಸುಮ್ನೆ ಎರಡು ಸಾಲಿನ ಉತ್ತರ ಸಾಲದು.

ಈ ನಿಯಮಗಳು ಹುಟ್ಟಿದ್ದು ನಿಜವಾದ ನೋವಿನಿಂದ. ಅದನ್ನು ನಾನು ಒಪ್ಪುತ್ತೇನೆ. 1987ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕಪ್ಪು ಜನರನ್ನು ಬೇಟೆಯಾಡಬಹುದು ಎಂಬ ಅರ್ಥದ ಕರಪತ್ರ ಹಂಚಿದ್ದರು. ಕ್ಯಾಂಪಸ್ ರೇಡಿಯೊದಲ್ಲಿ ಕಪ್ಪು ಜನರ ಮೇಲೆ ಕೊಳಕು ಜೋಕುಗಳು ಬಂದವು. ಮರುವರ್ಷ ವಿಶ್ವವಿದ್ಯಾಲಯ ನಿಯಮ ತಂದಿತು: ಜನಾಂಗ, ಲಿಂಗ, ಧರ್ಮ ಮುಂತಾದವುಗಳ ಹೆಸರಲ್ಲಿ ಯಾರಿಗಾದರೂ ಕಳಂಕ ಹಚ್ಚುವ ಮಾತಾಡಿದರೆ ಶಿಕ್ಷೆ. ಓದಿದರೆ ತಪ್ಪೇನೂ ಕಾಣುವುದಿಲ್ಲ, ಅಲ್ವಾ?

ಅದು ಯಾರ ಮೇಲೆ ಬಿತ್ತು ನೋಡಿ. ದಂತವೈದ್ಯಕೀಯದ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ, ಈ ಕೋರ್ಸಿನಲ್ಲಿ ಅಲ್ಪಸಂಖ್ಯಾತರಿಗೆ ಕಷ್ಟವಂತೆ, ಅವರನ್ನು ನ್ಯಾಯವಾಗಿ ನಡೆಸಿಕೊಳ್ಳುವುದಿಲ್ಲವಂತೆ ಎಂದ. ಅಷ್ಟೇ. ತಾವೂ ಅಲ್ಪಸಂಖ್ಯಾತರೇ ಆಗಿದ್ದ ಪ್ರಾಧ್ಯಾಪಕಿ ಈ ಮಾತು ತಮಗೆ ಅನ್ಯಾಯ ಮಾಡಿದೆ ಎಂದು ದೂರು ಕೊಟ್ಟರು, ಕೊನೆಗೆ ಅವನು ಕ್ಷಮೆ ಕೇಳಿ ಪತ್ರ ಬರೆಯಬೇಕಾಯಿತು. ತಾರತಮ್ಯ ಇದೆಯಂತೆ ಎಂದು ಬಾಯಿಬಿಟ್ಟವನೇ ತಪ್ಪಿತಸ್ಥನಾದ! ನಾಳೆ ನಿಮ್ಮ ಮಗಳ ಗೆಳತಿಯೂ ಇದನ್ನೇ ಹೇಳಬೇಕಾಗಬಹುದು.

ಮನೋವಿಜ್ಞಾನದ ಒಬ್ಬ ಸಂಶೋಧನಾ ವಿದ್ಯಾರ್ಥಿ, ಗಂಡು ಹೆಣ್ಣಿನ ಜೈವಿಕ ವ್ಯತ್ಯಾಸದ ಸಿದ್ಧಾಂತಗಳನ್ನು ಚರ್ಚಿಸಿದರೂ ತನ್ನ ಮೇಲೆ ದೂರು ಬರಬಹುದು ಎಂಬ ಭಯದಲ್ಲಿ, ಹೆಸರು ಬಹಿರಂಗಪಡಿಸದೆ ಕೋರ್ಟಿಗೆ ಹೋದ. ಬರೀ ಮನಸ್ಸು ನೋಯಿಸುವ ಮಾತನ್ನೂ ಶಿಕ್ಷೆ ಕೊಡಬಹುದಾದ ಮಾತನ್ನೂ ಹೇಗೆ ಬೇರೆ ಮಾಡುತ್ತೀರಿ ಎಂಬ ಪ್ರಶ್ನೆ ವಿಶ್ವವಿದ್ಯಾಲಯದ ವಕೀಲರಿಗೆ ಎದುರಾಯಿತು. "ಬಹಳ ಎಚ್ಚರಿಕೆಯಿಂದ" ಎಂದರು ಅವರು. ಅದಕ್ಕಿಂತ ಜಾಸ್ತಿ ಹೇಳಲು ಅವರ ಹತ್ತಿರ ಏನೂ ಇರಲಿಲ್ಲ. ಗೆರೆ ಎಲ್ಲಿದೆ ಎಂದು ನಿಯಮ ಬರೆದವರಿಗೇ ಗೊತ್ತಿಲ್ಲದಿದ್ದರೆ ಹದಿನೆಂಟರ ಹುಡುಗಿ ಏನು ಮಾಡಬೇಕು? ಬಾಯಿ ಮುಚ್ಚಿಕೊಳ್ಳುತ್ತಾಳೆ. 1989ರಲ್ಲಿ ಕೋರ್ಟು ಆ ನಿಯಮವನ್ನು ತೆಗೆದುಹಾಕಿತು, 1991ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ನಿಯಮಕ್ಕೂ ಅದೇ ಗತಿಯಾಯಿತು. (ಇವು ಸರ್ಕಾರಿ ವಿಶ್ವವಿದ್ಯಾಲಯಗಳು. ಸರ್ಕಾರ ಮಾತಿಗೆ ಕಡಿವಾಣ ಹಾಕದಂತೆ ತಡೆಯುವ ಅಮೆರಿಕ ಸಂವಿಧಾನದ ಮೊದಲ ತಿದ್ದುಪಡಿ ಖಾಸಗಿ ಕಾಲೇಜುಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ.)

ಹಾಗಂತ ಏನು ಬೇಕಾದರೂ ಅನ್ನಬಹುದು ಎಂದಲ್ಲ. ನಿಜವಾದ ಬೆದರಿಕೆಗೆ ಅಲ್ಲೂ ರಕ್ಷಣೆ ಇಲ್ಲ. ಒಬ್ಬರ ಬೆನ್ನುಬಿದ್ದು ಓದಲು ಬಿಡದಂತೆ ಕಾಡಿದರೆ ಕ್ರಮ ಕೈಗೊಳ್ಳಬಹುದು, ಕೈಗೊಳ್ಳಲೇಬೇಕು. ನನ್ನ ತಕರಾರು ಅಭಿಪ್ರಾಯವನ್ನೂ ಅದೇ ಬುಟ್ಟಿಗೆ ಹಾಕುವುದಕ್ಕೆ.

ಇನ್ನೊಂದು ಮಾತು. 1964ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಪೊಲೀಸ್ ಕಾರೊಂದನ್ನು 32 ಗಂಟೆ ಸುತ್ತುವರಿದು ಕೂತರು. ಒಳಗಿದ್ದವನನ್ನು ಹಿಡಿದದ್ದು, ಕಪ್ಪು ಜನರ ಹಕ್ಕಿಗಾಗಿ ಹೋರಾಡುವ ಸಂಘಟನೆಯೊಂದರ ಪ್ರಚಾರಕ್ಕೆ ಕ್ಯಾಂಪಸ್ಸಿನಲ್ಲಿ ಮೇಜು ಹಾಕಿ ಕೂತಿದ್ದಕ್ಕೆ! ಮಾತು ತಡೆಯುವ ಅಧಿಕಾರ ಅಂದು ಬಿದ್ದದ್ದೂ ಅವರ ಪರ ನಿಂತವರ ಮೇಲೆಯೇ.

ಆದರೂ ಆ ಹುಡುಗಿ ಒಬ್ಬಳೇ ಎದ್ದುನಿಂತು ಉತ್ತರ ಕೊಡಲಿ ಎನ್ನುವಷ್ಟು ಕಲ್ಲು ಮನಸ್ಸು ನನ್ನದಲ್ಲ. ಆ ಬೈಗುಳ ಬಂದಾಗ ಪಾಠ ಮಾಡುತ್ತಿದ್ದವರು ಏನು ಹೇಳಿದರು, ಪಕ್ಕದಲ್ಲಿ ಕೂತವರು ಏನು ಮಾಡಿದರು? ನಿಮ್ಮ ಪತ್ರದಲ್ಲಿ ಅದು ಇಲ್ಲ. ಮಗಳನ್ನು ಕೇಳಿ ಬರೆಯಿರಿ, ಖಂಡಿತ ಪ್ರಕಟಿಸುತ್ತೇನೆ.

– ಸಂಪಾದಕ