ವಾಚು ಹಿಂದೆ ಬಿದ್ದಿದ್ದೇಕೆ?

ಪ್ರಶ್ನೆ: ಫೋನ್ ಮನೆಯಲ್ಲೇ ಬಿಟ್ಟು 10 ದಿನ ಊರಿಗೆ ಹೋಗಿದ್ದೆ. ಸ್ಮಾರ್ಟ್‌ವಾಚ್ 15 ಸೆಕೆಂಡ್ ಹಿಂದೆ ಬಿದ್ದಿತ್ತು. ಫೋನ್ ಹತ್ತಿರ ಬಂದದ್ದೇ ತಡ, ಸರಿಹೋಯಿತು. ವಾಚು ಕೆಟ್ಟಿದೆಯೇ?
– ಓದುಗರೊಬ್ಬರು, ಶಿರಸಿ

ಉತ್ತರ: ಖಂಡಿತ ಇಲ್ಲ, ರಿಪೇರಿಗೆ ದುಡ್ಡು ಕೊಡಬೇಡಿ. ವಾಚಿನೊಳಗೆ ಅಕ್ಕಿಕಾಳಿನಷ್ಟು ಸಣ್ಣ ಕ್ವಾರ್ಟ್ಜ್ ಹರಳಿದೆ. ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡುತ್ತಾ ಹೋಗಿ, ಸರಿಯಾಗಿ 1 ಉಳಿಯುತ್ತದೆ, ಅಂದರೆ ಸೆಕೆಂಡಿಗೊಂದು ಮಿಡಿತ. ವಾಚು ಎಣಿಸುವುದು ಅದನ್ನೇ! ಆದರೆ ಹತ್ತು ಲಕ್ಷ ಕಂಪನಕ್ಕೆ 20ರಷ್ಟು ತಪ್ಪಿದರೂ ದಿನಕ್ಕೆ 1.7 ಸೆಕೆಂಡ್ ವ್ಯತ್ಯಾಸ. 10 ದಿನಕ್ಕೆ ನೀವೇ ಲೆಕ್ಕ ಹಾಕಿ. ಫೋನ್ ಸಿಕ್ಕಾಗ ಬ್ಲೂಟೂತ್ ಮೂಲಕ ಸರಿಯಾದ ಸಮಯ ಬರುತ್ತದೆ.

ನನಗೆ ಇನ್ನೂ ಇಷ್ಟವಾಗುವುದು ಮತ್ತೊಂದು ಸಂಗತಿ. ಬ್ಯಾಟರಿ ಉಳಿಸಲು ವಾಚಿನ ಬ್ಲೂಟೂತ್ ರೇಡಿಯೊ ಬಹುಪಾಲು ನಿದ್ದೆಯಲ್ಲೇ ಇರುತ್ತದೆ. ಫೋನಿನ ಜೊತೆ ಮಾತಾಡಿಕೊಂಡ ಗಳಿಗೆಗೆ ಮಾತ್ರ ಏಳುತ್ತದೆ. ಎರಡೂ ಕಡೆಯ ಹರಳು ಎಷ್ಟು ತಪ್ಪಬಹುದೆಂದು ಎಣಿಸಿ, ಅಷ್ಟು ಮೊದಲೇ ಕಿವಿ ತೆರೆದು ಕಾಯುತ್ತದೆ. ಬಸ್ಸಿಗೆ ಐದು ನಿಮಿಷ ಮುಂಚೆ ಹೋಗಿ ನಿಲ್ಲುತ್ತೇವಲ್ಲ, ಹಾಗೆ. ಫೋನಿನ ಸಂದೇಶ ಕೇಳಿಸಿದ ಕ್ಷಣದಿಂದ ಮುಂದಿನ ಭೇಟಿಯ ಲೆಕ್ಕ ಹೊಸದಾಗಿ ಶುರು.