ಅಪ್ಪ ಕ್ಯಾಮೆರಾಗೆ ಟವೆಲ್ ಹೊದಿಸುತ್ತಿದ್ದಾರೆ, ಏನು ಮಾಡಲಿ?

ಪ್ರಶ್ನೆ: ನನಗೆ 41 ವರ್ಷ, ಬೆಂಗಳೂರಿನಲ್ಲಿ ಕೆಲಸ. ಊರು ತಿಪಟೂರು ಪಕ್ಕದ ಹಳ್ಳಿ. ಕಳೆದ ಕಾರ್ತಿಕದಲ್ಲಿ ಅಮ್ಮ ತೀರಿಕೊಂಡರು. 73 ವರ್ಷದ ಅಪ್ಪ ತೋಟ ಬಿಟ್ಟು ಬರಲ್ಲ ಅಂತ ಒಬ್ಬರೇ ಇದ್ದಾರೆ. ಬಿಪಿ, ಶುಗರ್ ಎರಡೂ ಇದೆ. ಭಯಕ್ಕೆ ನಾನೂ ಅಕ್ಕನೂ ಸೇರಿ ನಡುಮನೆಗೆ ವೈಫೈ ಕ್ಯಾಮೆರಾ ಹಾಕಿಸಿದೆವು. ಇಬ್ಬರ ಫೋನಿನಲ್ಲೂ ಕಾಣುತ್ತದೆ, ಅದರಲ್ಲೇ ಮಾತೂ ಆಡಬಹುದು. ಮೊದಲು ಅಪ್ಪ ಏನೂ ಅನ್ನಲಿಲ್ಲ. ಒಂದು ಸಂಜೆ ಅವರು ಅಮ್ಮನ ಫೋಟೋ ಮುಂದೆ ಕೂತು ಮಾತಾಡುವುದು ಕಂಡು ಅಕ್ಕ ಅತ್ತುಬಿಟ್ಟಳು, ಆ ವಿಡಿಯೋವನ್ನು ಫ್ಯಾಮಿಲಿ ಗ್ರೂಪಿಗೂ ಹಾಕಿದ್ದಳು. ಯುಗಾದಿ ಕಳೆದ ಮೇಲೆ ಅಪ್ಪ ಕ್ಯಾಮೆರಾ ಮೇಲೆ ಟವೆಲ್ ಹಾಕುತ್ತಿದ್ದಾರೆ. ಕೇಳಿದರೆ ‘ಧೂಳು ಕೂರುತ್ತೆ’ ಅಂತಾರೆ. ಫೋನ್ ಎತ್ತುವುದೂ ಕಡಿಮೆ. ಕೈಗೆ ಸಿಗದ ಹಾಗೆ ಎತ್ತರದಲ್ಲಿ ಇನ್ನೊಂದು ಹಾಕಿಸೋಣ ಅನ್ನುತ್ತಾಳೆ ಅಕ್ಕ. ಇದು ಮರೆವಿನ ಕಾಯಿಲೆಯ ಶುರುವೇ, ಬರೀ ಹಠವೇ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಒಂದೇ ಸಾಲು. ವಿಡಿಯೋವನ್ನು ಫ್ಯಾಮಿಲಿ ಗ್ರೂಪಿಗೂ ಹಾಕಿದ್ದಳು ಎಂಬ ಸಾಲು. ನೀವು ಅದನ್ನು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ ಅಂತ ನನಗನ್ನಿಸುತ್ತದೆ.

ಹೆಂಡತಿ ಹೋದ ಮೇಲಿನ ಮೊದಲ ಯುಗಾದಿ. ನೆಂಟರು ಬಂದಿರುತ್ತಾರೆ, ಅಥವಾ ನಿಮ್ಮಪ್ಪನೇ ಹೋಗಿರುತ್ತಾರೆ. ಗ್ರೂಪಿನಲ್ಲಿರುವ ಯಾರೋ ಒಬ್ಬರು, ಪ್ರೀತಿಯಿಂದಲೇ ಇರಬಹುದು, ‘ಪಾಪ, ಫೋಟೋ ಜೊತೆ ಮಾತಾಡ್ತೀಯಂತಲ್ಲಪ್ಪ’ ಅಂದಿರಬಹುದು. ಇದು ನನ್ನ ಊಹೆ, ನೀವೇ ವಿಚಾರಿಸಿ ನೋಡಿ. ಆದರೆ ಟವೆಲ್ ಬಿದ್ದದ್ದು ಹಬ್ಬದ ಮೇಲೆ ಎಂದು ನೀವೇ ಬರೆದಿದ್ದೀರಿ. ತಲೆತಲಾಂತರದಿಂದ ಬಾಳಿದ ಮನೆ, ತನ್ನ ನಡುಮನೆ, ತನ್ನ ಹೆಂಡತಿ. ಅಲ್ಲಿ ಆಡಿದ ಮಾತು ಊರೂರಿನ ನೆಂಟರ ಫೋನಿಗೆ ಹೋಗಿದೆ ಅಂತ ಗೊತ್ತಾದರೆ ಆ ಜೀವಕ್ಕೆ ಹೇಗಾಗಿರಬೇಡ? ಮಕ್ಕಳ ಮೇಲೆ ರೇಗಲಿಲ್ಲ, ಕ್ಯಾಮೆರಾ ಕಿತ್ತು ಎಸೆಯಲಿಲ್ಲ. ನಿಮಗೆ ನೋವಾಗದಿರಲಿ ಅಂತ ಧೂಳಿನ ನೆಪ ಹೇಳಿ ಟವೆಲ್ ಹಾಕಿದರು. ನಾನು ಇದನ್ನು ಹಠ ಅನ್ನಲಾರೆ.

ಮರೆವಿನ ಕಾಯಿಲೆ ಅನ್ನುವುದಕ್ಕೂ ಟವೆಲ್ ಸಾಕ್ಷಿಯಲ್ಲ. ಕೇಳಿದ್ದನ್ನೇ ಪದೇ ಪದೇ ಕೇಳುವುದು, ಓಡಾಡಿದ ದಾರಿಯೇ ತಪ್ಪುವುದು, ತಗೊಂಡ ಮಾತ್ರೆಯನ್ನೇ ಮತ್ತೆ ತಗೊಳ್ಳುವುದು, ದುಡ್ಡಿನ ಲೆಕ್ಕದಲ್ಲಿ ಎಂದೂ ಇಲ್ಲದ ಗೊಂದಲ, ಇಂಥವು ಕಂಡರೆ ಖಂಡಿತ ಡಾಕ್ಟರಿಗೆ ತೋರಿಸಿ. ತೀರಿಹೋದವರ ಫೋಟೋ ಜೊತೆ ಮಾತಾಡುವುದು ಆ ಪಟ್ಟಿಗೆ ಸೇರುವುದಿಲ್ಲ. ಜೊತೆಗೆ ಬಾಳಿದವರು ಹೋದ ಮನೆಯಲ್ಲಿ ಅದು ತೀರಾ ಸಹಜ. ಊಟ, ನಿದ್ದೆ ಬಿಟ್ಟು ಮಂಕಾಗಿದ್ದಾರೆ ಅನ್ನಿಸಿದರೆ ಮಾತ್ರ 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ನಿಮ್ಮ ಭಯದ ಮಾತು. ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಆ ಕ್ಯಾಮೆರಾ ನಿಮಗೆ ಏನನ್ನು ತೋರಿಸುತ್ತಿತ್ತು ಅಂತ ಯೋಚಿಸಿ. ವಯಸ್ಸಾದವರು ಬೀಳುವುದು ಹೆಚ್ಚಾಗಿ ಬಚ್ಚಲಲ್ಲಿ, ರಾತ್ರಿ ಎದ್ದು ಹೋಗುವಾಗ, ಒದ್ದೆಯಾದ ಹಿತ್ತಿಲ ಮೆಟ್ಟಿಲಲ್ಲಿ. ನಿಮ್ಮ ಸೀಮೆಯಲ್ಲಿ ಇನ್ನೊಂದು ಜಾಗ ಉಂಟು, ಕೊಬ್ಬರಿ ಅಟ್ಟ. ಬಲಿತ ಕಾಯನ್ನು ಅಟ್ಟಕ್ಕೆ ಏರಿಸಿ ಹೆಚ್ಚುಕಮ್ಮಿ ವರ್ಷ ಬಿಟ್ಟರೆ ತಾನೇ ತಿಪಟೂರಿನ ಉಂಡೆ ಕೊಬ್ಬರಿ ಆಗುವುದು? ಒಳಗೆ ಒಣಗಿದೆಯೇ ಎಂದು ಕಾಯಿ ಅಲ್ಲಾಡಿಸಿ ಸದ್ದು ಕೇಳಲು 73ರ ವಯಸ್ಸಿನಲ್ಲಿ ಒಬ್ಬರೇ ಏಣಿ ಹತ್ತುತ್ತಿದ್ದಾರಾ ಅಂತ ನಿಮಗೆ ಗೊತ್ತಿದೆಯೇ? ಇದ್ಯಾವುದೂ ನಡುಮನೆಯ ಕ್ಯಾಮೆರಾಗೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ಅವರು ಕ್ಷೇಮವಾಗಿ ಕೂತಿರುವ ಜಾಗ ಮಾತ್ರ. ಮನುಷ್ಯ ಅಲ್ಲಾಡಿದರೆ, ಬೆಕ್ಕು ಬಂದರೆ, ಬೆಳಕು ಬದಲಾದರೆ ಫೋನಿಗೆ ನೋಟಿಫಿಕೇಶನ್ ಬರುತ್ತದೆ. ಎಷ್ಟೋ ಮನೆಗಳಲ್ಲಿ ಕೆಲವೇ ದಿನಕ್ಕೆ ಅದನ್ನು ಮ್ಯೂಟ್ ಮಾಡಿಬಿಡುತ್ತಾರೆ. ಕರೆಂಟ್ ಹೋಗಿ ರೂಟರ್ ಆಫ್ ಆದರೆ ಏನೂ ಇಲ್ಲ.

ಮತ್ತೆ ಆ ಸ್ಪೀಕರ್. ಜಗಲಿಯಲ್ಲಿ ಯಾರೋ ಕೂತಿರುವಾಗ ಗೋಡೆಯೊಳಗಿಂದ ‘ಅಪ್ಪಾ, ಮಾತ್ರೆ ತಗೊಂಡ್ರಾ’ ಅಂತ ಮಗನ ದನಿ ಬಂದರೆ ಹೇಗಿರುತ್ತದೆ? ಫೋನ್ ಆದರೆ ರಿಂಗ್ ಆಗುತ್ತದೆ, ಎತ್ತುವುದು ಬಿಡುವುದು ಅವರಿಗೆ ಸೇರಿದ್ದು. ಇದು ಕೇಳದೆ ಒಳಗೆ ಬರುತ್ತದೆ. ಈ ವ್ಯತ್ಯಾಸ ಸಣ್ಣದಲ್ಲ.

ಖಾಸಗಿತನ ಎಂಬುದು ಪಟ್ಟಣದವರ, ಹುಡುಗರ ವಿಷಯ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅದು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪು ಬಂದಾಗ ಅವರಿಗೆ 91 ವರ್ಷ. ಅಪ್ಪ ಮಕ್ಕಳ ನಡುವೆ ಕೋರ್ಟಿನ ಮಾತು ಬೇಡ. ಆದರೂ ಇದನ್ನು ಹೇಳಿದೆ, ಏಕೆಂದರೆ ವಯಸ್ಸಾದವರಿಗೆ ಮರೆ ಬೇಕಿಲ್ಲ ಎಂಬ ನಂಬಿಕೆಯೇ ನಿಮ್ಮ ಮನೆಯಲ್ಲಿ ಈ ತೊಂದರೆ ತಂದಿದೆ. ಮಗು ಮಲಗಿದೆಯೋ ಇಲ್ಲವೋ ಅಂತ ಇಣುಕಿದ ಹಾಗೆ ಅಪ್ಪನನ್ನು ಇಣುಕಬಾರದು.

ಈ ಶನಿವಾರ ಒಬ್ಬರೇ ಊರಿಗೆ ಹೋಗಿ. ಹೆಂಡತಿ, ಮಕ್ಕಳು ಇನ್ನೊಮ್ಮೆ ಬರಲಿ. ಹೋದ ತಕ್ಷಣ ವಿಷಯ ಎತ್ತಬೇಡಿ. ಅವರ ಜೊತೆ ತೋಟಕ್ಕೆ ಹೋಗಿ, ಒಟ್ಟಿಗೆ ಉಣ್ಣಿ. ಆಮೇಲೆ ಸುತ್ತಿ ಬಳಸದೆ ‘ಅಪ್ಪಾ, ನಿಮ್ಮನ್ನ ಕೇಳದೆ ಹಾಕಿಸಿದ್ದು ತಪ್ಪಾಯ್ತು, ಆ ವಿಡಿಯೋ ಕಳಿಸಿದ್ದಂತೂ ದೊಡ್ಡ ತಪ್ಪು’ ಅಂತ ಹೇಳಿ. ‘ಆದರೆ ನಮಗೆ ಭಯ ಆಗ್ತಿತ್ತು’ ಅಂತ ಬಾಲ ಸೇರಿಸಬೇಡಿ, ಅದು ಅವರಿಗೆ ಗೊತ್ತಿದೆ. ಅವರ ಎದುರಿಗೇ ಕ್ಯಾಮೆರಾ ಬಿಚ್ಚಿ. ಒಳಗಿನ ಮೆಮೊರಿ ಕಾರ್ಡು ತೆಗೆದು ಅವರ ಕೈಗೆ ಕೊಡಿ. ನಿಮ್ಮ ಫೋನಿನ ಆ್ಯಪ್‌ನಲ್ಲಿ ಉಳಿದ ರೆಕಾರ್ಡಿಂಗ್ ಕೂಡ ಅಳಿಸಿ.

ಆಮೇಲೆ ಕೇಳಿ: ‘ನಿಮಗೇನಾದರೂ ಆದರೆ ನಮಗೆ ಹೇಗೆ ಗೊತ್ತಾಗಬೇಕು? ನೀವೇ ಹೇಳಿ.’ ಊರಲ್ಲಿ ಬಾಳಿದವರಿಗೆ ಇದಕ್ಕೆ ಉತ್ತರ ಗೊತ್ತಿರುತ್ತದೆ. ಡೇರಿಗೆ ಹಾಲು ಹಾಕುವವರಾದರೆ, ಬೆಳಗ್ಗೆ ಅವರ ಕ್ಯಾನು ಬರಲಿಲ್ಲ ಅಂದರೆ ಮೊದಲು ಗೊತ್ತಾಗುವುದು ಡೇರಿಯ ಸೆಕ್ರೆಟರಿಗೆ. ಅವರ ಹತ್ತಿರ ನಿಮ್ಮ ನಂಬರ್ ಇದೆಯೇ? ಪಕ್ಕದ ಮನೆಯವರ ಹತ್ತಿರ ಬೀಗದ ಕೈ ಒಂದು ಇರಲಿ. ಬಚ್ಚಲಿಗೆ ಕೈಹಿಡಿ ಹಾಕಿಸಿ, ಒಳಗಿನ ಚಿಲಕ ಹಾಕಿಕೊಳ್ಳದ ಅಭ್ಯಾಸ ಆಗಲಿ, ರಾತ್ರಿ ಓಡಾಡುವ ಕಡೆ ಸಣ್ಣ ಬಲ್ಬು ಉರಿಯಲಿ. ಅಟ್ಟದ ಕೆಲಸಕ್ಕೆ ಕೂಲಿಯವರನ್ನು ಗೊತ್ತು ಮಾಡಿ, ದುಡ್ಡು ನೀವು ಕೊಡಿ. ಕ್ಯಾಮೆರಾಗೆ ಕೊಟ್ಟ ದುಡ್ಡಿಗಿಂತ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಅವರ ಹತ್ತಿರ ಕೀಪ್ಯಾಡ್ ಫೋನ್ ಇದ್ದರೆ 5 ಅಥವಾ 9 ಒತ್ತಿ ಹಿಡಿದರೆ ತುರ್ತು ಕರೆ ಹೋಗಬೇಕೆಂಬ ನಿಯಮ 2017ರಿಂದ ಇದೆ. ಅವರ ಫೋನಿನಲ್ಲಿ ಅದು ಇದೆಯೇ ಎಂದು ಸೆಟ್ಟಿಂಗ್‌ನಲ್ಲಿ ನೋಡಿ, ಇದ್ದರೆ ಹೇಳಿಕೊಡಿ. ಆಂಬುಲೆನ್ಸಿನ 108, ಹಿರಿಯರ ಸಹಾಯವಾಣಿ 14567, ಎರಡನ್ನೂ ದಪ್ಪ ಅಕ್ಷರದಲ್ಲಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿ. ಗೇಟಿಗೋ ಕೊಟ್ಟಿಗೆಗೋ ಕ್ಯಾಮೆರಾ ಇರಲಿ ಅಂತ ಅವರೇ ಹೇಳಿದರೆ ಹಾಕಿಸಿ, ಆದರೆ ಅದು ಅವರ ಫೋನಿನಲ್ಲೂ ಕಾಣಬೇಕು, ಆಫ್ ಮಾಡುವುದು ಅವರಿಗೆ ಬರಬೇಕು.

ದಿನಾ ಒಂದು ಹೊತ್ತಿಗೆ ಫೋನ್ ಮಾಡಿ. ಮಾತ್ರೆ, ಶುಗರ್ ಬಿಟ್ಟು ಬೇರೆ ಮಾತಾಡಿ. ಕೊಬ್ಬರಿ ರೇಟು, ತೋಟದ ನೀರು, ಯಾರ ಮನೆ ಮದುವೆ. ಅಮ್ಮನ ಮಾತೂ ಬರಲಿ. ಅಮ್ಮನ ವಿಷಯ ಮಾತಾಡಲು ಈಗ ಅವರಿಗೆ ಫೋಟೋ ಬಿಟ್ಟರೆ ಯಾರಿದ್ದಾರೆ? ನೀವೂ ತಾಯಿಯನ್ನು ಕಳೆದುಕೊಂಡಿದ್ದೀರಿ, ಪತ್ರದಲ್ಲಿ ಅದರ ಬಗ್ಗೆ ಒಂದು ಮಾತೂ ಇಲ್ಲ. ಅಪ್ಪನ ಹತ್ತಿರ ಹೇಳಿಕೊಳ್ಳಿ.

ನಿಮ್ಮ ಅಕ್ಕನ ಮೇಲೆ ಕೋಪ ಮಾಡಿಕೊಳ್ಳಬೇಡಿ. ಅಪ್ಪನ ಒಂಟಿತನ ಕಂಡು ತಡೆಯಲಾರದೆ ಹಾಗೆ ಮಾಡಿದ್ದಾರೆ. ಆದರೆ ವಿಡಿಯೋ ಹಾಗೇ ಉಳಿಯಬಾರದು. ಕಳಿಸಿ ಸುಮಾರು ಎರಡೂವರೆ ದಿನ ದಾಟಿದರೆ ಎಲ್ಲರ ಫೋನಿನಿಂದ ಅಳಿಸಲು ವಾಟ್ಸಾಪ್ ಬಿಡುವುದಿಲ್ಲ. ಹಾಗಾಗಿ ಗ್ರೂಪಿನಲ್ಲಿರುವವರಿಗೆ ಅಕ್ಕನೇ ಒಬ್ಬೊಬ್ಬರಿಗೂ ಫೋನ್ ಮಾಡಿ, ‘ಅಪ್ಪನಿಗೆ ಬೇಜಾರಾಗಿದೆ, ಅದನ್ನ ಡಿಲೀಟ್ ಮಾಡಿ, ಅವರ ಮುಂದೆ ಆ ಮಾತು ಎತ್ತಬೇಡಿ’ ಅಂತ ಕೇಳಬೇಕು. ಹೇಳಲು ಮುಜುಗರವಾಗುತ್ತದೆ, ಆದರೂ ಅಕ್ಕನೇ ಮಾಡಲಿ. ಎತ್ತರದಲ್ಲಿ ಹಾಕಿಸಲು ಇನ್ನೊಂದು ಕ್ಯಾಮೆರಾ ಆಗಲೇ ಆರ್ಡರ್ ಮಾಡಿದ್ದರೆ ಇವತ್ತೇ ಕ್ಯಾನ್ಸಲ್ ಮಾಡಿಸಿ.