ಡಿಸೈನರ್ ಗಾಜಿನ ಲೋಟಗಳನ್ನು ದಿನಾ ಬಳಸಬಹುದಾ?

ಡಿಸೈನರ್ ಲೋಟ, ಬಟ್ಟಲು ಕೊಳ್ಳುವ ಆಸೆ ಇದೆ, ದಿನಾ ಬಳಸಿದರೆ ಬಾಳಿಕೆ ಬರುತ್ತವಾ ಅಥವಾ ಷೋಕೇಸಿಗೆ ಮಾತ್ರ ಸರಿಯಾ ಅಂತ ಕೇಳಿದ್ದೀರಿ. ಧಾರಾಳವಾಗಿ ದಿನಾ ಬಳಸಿ. ಮುಟ್ಟೋಕೇ ಹೆದರಿಕೆ ಆಗುವಂಥ ಲೋಟವಾದರೆ ಕೊಳ್ಳಲೇಬೇಡಿ.

ಹೆಸರು ಮಾಡಿದ ಎಷ್ಟೋ ಲೋಟಗಳು ಹುಟ್ಟಿದ್ದೇ ದಿನಬಳಕೆಗೆ. ಫಿನ್ಲೆಂಡಿನ ಐನೋ ಆಲ್ಟೋ 1932ರಲ್ಲಿ ರೂಪಿಸಿದ ಲೋಟ ನೋಡಿ. ಅಚ್ಚಿನಲ್ಲಿ ಒತ್ತಿ ಮಾಡಿದ ಸಾದಾ ಗಾಜು, ಸುತ್ತಲೂ ಬಳೆ ತೊಡಿಸಿದ ಹಾಗೆ ಏಣುಗಳು. ಆ ಏಣು ಬರೀ ಚೆಂದಕ್ಕಲ್ಲ. ಒದ್ದೆ ಕೈಗೂ ಹಿಡಿತ ಸಿಗುತ್ತದೆ, ಗಾಜು ಗಟ್ಟಿಯಾಗುತ್ತದೆ, ಗಾಜಿನಲ್ಲಿರುವ ಸಣ್ಣಪುಟ್ಟ ಕುಂದೂ ಕಣ್ಣಿಗೆ ಬೀಳುವುದಿಲ್ಲ. ನನಗೆ ಡಿಸೈನ್ ಅಂದರೆ ಇದೇ.

ಫ್ರಾನ್ಸಿನ ಡ್ಯೂರಾಲೆಕ್ಸ್ ಕಂಪನಿಯ ಪಿಕಾರ್ಡಿ ಲೋಟ 1954ರದು. ಅದು ಟೆಂಪರ್ಡ್ ಗಾಜು. ಚೆನ್ನಾಗಿ ಕಾಯಿಸಿ, ಗಾಳಿ ಊದಿ ಥಟ್ಟನೆ ಆರಿಸುತ್ತಾರೆ. ಹೊರಪದರ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ಆಮೇಲೆ ಆರುತ್ತಾ ಕುಗ್ಗುವಾಗ ಹೊರಪದರವನ್ನು ಬಿಗಿಯಾಗಿ ಎಳೆದು ಹಿಡಿಯುತ್ತದೆ. ಆ ಬಿಗಿತವೇ ಅದರ ಶಕ್ತಿ. ಒಡೆದರೂ ಉದ್ದುದ್ದ ಚೂಪು ತುಂಡುಗಳಾಗುವ ಬದಲು ಸಣ್ಣ ಚೂರುಗಳಾಗುತ್ತದೆ. ಆದರೆ ಅಂಚು ಸ್ವಲ್ಪ ಮುಕ್ಕಾದರೂ ಇಟ್ಟುಕೊಳ್ಳಬೇಡಿ, ಇದ್ದಕ್ಕಿದ್ದ ಹಾಗೆ ಸಿಡಿಯಬಹುದು.

ಅಂಗಡಿಯಲ್ಲಿ ನಾನು ಮೊದಲು ನೋಡುವುದು ಬಾಯಂಚು. ಬೆರಳಿಂದ ನಿಧಾನವಾಗಿ ಒಂದು ಸುತ್ತು ಸವರಿ. ಕತ್ತರಿಸಿ ನಯ ಮಾಡಿದ ಅಂಚು ತೆಳ್ಳಗೆ ಇರುತ್ತದೆ, ಕುಡಿಯೋಕೆ ಬಹಳ ಹಿತ. ದುಂಡಗೆ ಉಬ್ಬಿದ ಅಂಚು ತುಟಿಗೆ ದಪ್ಪ ಅನಿಸುತ್ತದೆ, ಆದರೆ ಬೇಗ ಮುಕ್ಕಾಗುವುದಿಲ್ಲ. ಮಕ್ಕಳಿರುವ ಮನೆಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಆಮೇಲೆ ಒಳಗೆ ಕೈ ಹಾಕಿ ನೋಡಿ. ಕೈ ತಳ ಮುಟ್ಟದಿದ್ದರೆ ತೊಳೆಯೋದು ದಿನಾ ತಲೆನೋವು, ಅಲ್ವಾ?

ಬಿಸಿಯ ವಿಷಯ ಜನ ತಪ್ಪು ತಿಳಿಯುವುದೇ ಜಾಸ್ತಿ. ದಪ್ಪ ಗಾಜಾದರೆ ಬಿಸಿ ತಡೆಯುತ್ತದೆ ಅಂದುಕೊಳ್ಳುತ್ತಾರೆ. ನಿಜಕ್ಕೂ ಸಾದಾ ಗಾಜಿನಲ್ಲಿ ದಪ್ಪ ತಳವಿದ್ದಷ್ಟೂ ಅಪಾಯ ಜಾಸ್ತಿ. ಒಳಮೈ ಕಾದು ಹಿಗ್ಗುತ್ತದೆ, ಹೊರಮೈ ಇನ್ನೂ ತಣ್ಣಗೇ ಇರುತ್ತದೆ, ಅಲ್ಲೇ ಬಿರುಕು ಬಿಡುತ್ತದೆ. ಕುದಿಯುವುದನ್ನು ಸುರಿಯುವುದಾದರೆ ಬೋರೋಸಿಲಿಕೇಟ್ ಅನ್ನುವ ಬಿಸಿ ತಡೆಯುವ ಗಾಜು ತಗೊಳ್ಳಿ. ಬಿಸಿಗೆ ಅದು ಹಿಗ್ಗುವುದು ಸಾದಾ ಗಾಜಿನ ಸುಮಾರು ಮೂರನೇ ಒಂದು ಭಾಗ ಮಾತ್ರ.

ಹಳೆಯ ಕ್ರಿಸ್ಟಲ್, ಅಂದರೆ ಫಳಫಳ ಹೊಳೆಯುವ ಗಾಜಿನ ಲೋಟ ಸಿಕ್ಕರೆ ಸ್ವಲ್ಪ ಎಚ್ಚರ. ಅದರಲ್ಲಿ ಸೀಸ ಇರಬಹುದು. ಹುಳಿ ಇರುವ ಪಾನೀಯವನ್ನು ಅದರಲ್ಲಿ ತುಂಬಿ ದಿನಗಟ್ಟಲೆ ಇಟ್ಟರೆ ಸೀಸ ಬಿಟ್ಟುಕೊಳ್ಳುತ್ತದೆ. ದಿನಬಳಕೆಗೆ ಸೀಸವಿಲ್ಲದ್ದೇ ಇರಲಿ.

ಒಂದರೊಳಗೊಂದು ಇಟ್ಟ ಲೋಟಗಳು ಕಚ್ಚಿಕೊಂಡರೆ ಎಳೆದಾಡಬೇಡಿ. ಒಳಗಿನದಕ್ಕೆ ತಣ್ಣೀರು ಹಾಕಿ, ಹೊರಗಿನದನ್ನು ಉಗುರುಬೆಚ್ಚಗಿನ ನೀರಲ್ಲಿಡಿ. ಸುಮ್ನೆ ಬಿಟ್ಟುಕೊಳ್ಳುತ್ತವೆ.

ಇನ್ನೊಂದು ಮಾತು. ಬಿಡಿ ಲೋಟ ಸಿಗುತ್ತದಾ ಅಂತ ಕೇಳಿಯೇ ಸೆಟ್ ಕೊಳ್ಳಿ. ಐನೋ ಆಲ್ಟೋ ಲೋಟ, ಪಿಕಾರ್ಡಿ ತರಹದವು ದಶಕಗಳಿಂದ ಅದೇ ಆಕಾರದಲ್ಲಿ ಬರುತ್ತಿವೆ. ಅಂಥವುಗಳಲ್ಲಿ ಒಂದು ಒಡೆದರೆ ಒಂದನ್ನಷ್ಟೇ ತಂದರೆ ಸಾಕು.